ಭಾನುವಾರ ತಮಗೆ ಜ್ವರ ಬರಲಿ

ನಮ್ಮ ಮಲಗುವ ಕೋಣೆಯಲ್ಲಿ, ಎ.ಸಿ.ಯ ನೇರ ಕೆಳಗೆ, ನನ್ನ ಮಂಚ ಇರಬೇಕಾಗಿದ್ದ ಜಾಗದಲ್ಲಿ ಬಣ್ಣಬಣ್ಣದ ದೀಪಗಳೊಡನೆ ವಿರಾಜಮಾನರಾಗಿರುವ ಗೇಮಿಂಗ್ ಕಂಪ್ಯೂಟರ್ ಮಹೋದಯರ ಸನ್ನಿಧಾನಕ್ಕೆ, ಬಂಟ್ವಾಳದ ನಿವೃತ್ತ ಶಾಲಾ ಶಿಕ್ಷಕಿ ಪ್ರೇಮಾವತಿ ದೂರದಿಂದಲೇ ಮಾಡುವ ನಮಸ್ಕಾರಗಳು. ಹತ್ತಿರ ಬಂದರೆ ತಮ್ಮ ಉಸಿರು ಮುಖಕ್ಕೆ ಹೊಡೆಯುತ್ತದೆ.

ಮಾನ್ಯರೇ,

ಈ ಪತ್ರ ಕೈಸೇರುವ ಹೊತ್ತಿಗೆ ತಮ್ಮ ಮೈಬಿಸಿ ತೊಂಬತ್ತು ಡಿಗ್ರಿಯಿಂದ ಕೆಳಗಿಳಿದಿರಲಿ, ತಮ್ಮ ಹೊಟ್ಟೆಯೊಳಗಿನ ಫ್ಯಾನುಗಳೆಲ್ಲ ಆರೋಗ್ಯದಿಂದ ತಿರುಗುತ್ತಿರಲಿ ಎಂದು ಹಾರೈಸುತ್ತೇನೆ. ಇತ್ತ ನಾನು ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ಈ ಏಪ್ರಿಲ್ ಸೆಕೆಯಲ್ಲಿ ಇಡೀ ಬಂಟ್ವಾಳ ಬೆವರಿ ತೊಪ್ಪೆಯಾಗಿರುವಾಗ, ನಾನೊಬ್ಬಳು ಸ್ವೆಟರ್ ತೊಟ್ಟು, ಕಿವಿಗೆ ಶಾಲು ಬಿಗಿದು, ಮೂಗು ಒರೆಸುತ್ತಾ ಕುಳಿತಿರುವುದರಿಂದ ಅಂಥ ಸುಳ್ಳು ಬರೆಯಲು ಕೈ ಏಳುತ್ತಿಲ್ಲ. ನನ್ನ ನಿವೃತ್ತಿಯ ಖುಷಿಗೆ ನಾನೇ ಹಾಕಿಸಿಕೊಂಡ ಎ.ಸಿ. ಈಗ ತಮ್ಮ ಸೇವೆಗೆಂದು ಹದಿನೆಂಟರಲ್ಲಿ ನಿಂತಿದೆ. ತಮಗೆ ಸೆಕೆಯಾಗಬಾರದು, ನನಗೆ ಶೀತವಾದರೆ ಅಡ್ಡಿಯಿಲ್ಲ ಎಂಬುದು ನಮ್ಮ ಯಜಮಾನರ ತೀರ್ಮಾನ.

ಯಜಮಾನರು, ಅಂದರೆ ಶ್ರೀ ಸುಬ್ಬಯ್ಯನವರು, ಬಿ.ಸಿ.ರೋಡಿನಿಂದ ಬೆಳ್ತಂಗಡಿ ಮಾರ್ಗವಾಗಿ ಧರ್ಮಸ್ಥಳಕ್ಕೆ ಎಕ್ಸ್‌ಪ್ರೆಸ್ ಬಸ್ಸು ಓಡಿಸಿ ನಿವೃತ್ತರಾದವರೆಂಬುದು ತಮಗೆ ತಿಳಿದೇ ಇದೆ. ಕೆಲಸ ಬಿಟ್ಟ ಮೇಲೆ ಅವರು ಜಗಲಿಯಲ್ಲಿ ಕುಳಿತು ಹೋಗುವ ಬರುವ ಬಸ್ಸುಗಳಿಗೆಲ್ಲ ಕೈ ಎತ್ತುತ್ತಾ ಮಂಕಾಗಿದ್ದರು. ಅದನ್ನು ನೋಡಲಾರದೆ ನನ್ನ ತಂಗಿಯ ಮಗ ಲತೇಶ, ಮೂಡಬಿದಿರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು, ತಮ್ಮನ್ನು ಜೋಡಿಸಿ ತಂದು, ಸ್ಟೇರಿಂಗ್ ಸಮೇತ ಬಸ್ಸು ಓಡಿಸುವ ಆಟವೊಂದನ್ನು ತಮ್ಮೊಳಗೆ ತುಂಬಿಸಿದ. ಯಾರೋ ಪುಣ್ಯಾತ್ಮರು ಆ ಆಟಕ್ಕೆ ನಮ್ಮ ದಾರಿಯನ್ನೇ ಸೇರಿಸಿದ್ದಾರಂತೆ. ಪುಂಜಾಲಕಟ್ಟೆಯ ತಿರುವು ಬಂದಾಗ ಯಜಮಾನರು ಈಗಲೂ ಕುರ್ಚಿಯಲ್ಲಿ ಓರೆಯಾಗುತ್ತಾರೆ.

“ಕಂಪನಿ ಇಟ್ಟ ಸ್ಪೀಡು ಇದಕ್ಕೆ ಸಾಲುದಿಲ್ಲ ದೊಡ್ಡಪ್ಪ, ನಾನು ಸ್ವಲ್ಪ ಏರಿಸಿದ್ದೇನೆ. ಆದ್ರೆ ಕಾಯ್ತದೆ, ನೀವು ನೋಡಿಕೊಳ್ಬೇಕು” ಎಂದು ಲತೇಶ ಹೇಳಿ ಹೋದ. ಕಂಪನಿ ಇಟ್ಟ ಮಿತಿಯನ್ನು ಮೀರಿ ಓಡಿಸುವುದು ಎಂದರೇನೆಂದು ಎಕ್ಸ್‌ಪ್ರೆಸ್ ಬಸ್ಸಿನವರಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ನೋಡಿಕೊಳ್ಳುವುದನ್ನು ಮಾತ್ರ ಅವರು ಬಸ್ಸಿನಲ್ಲಿ ಕಲಿತ ಕ್ರಮದಲ್ಲೇ ಮಾಡಿದರು. ಹಳೆಯ ಬಸ್ಸುಗಳಲ್ಲಿ ಡ್ರೈವರನ ಪಕ್ಕದ ಇಂಜಿನ್ ಮುಚ್ಚಳ ಕಾದಾಗ ಒದ್ದೆ ಗೋಣಿ ಹೊದೆಸುತ್ತಿದ್ದರಲ್ಲ, ಹಾಗೆಯೇ ಕೊಟ್ಟಿಗೆಯಿಂದ ಗೋಣಿ ತಂದು, ನೀರಲ್ಲಿ ಅದ್ದಿ ಹಿಂಡಿ, ತಮ್ಮ ನೆತ್ತಿಗೆ ಹೊದೆಸಿಬಿಟ್ಟರು. ಬಿಸಿಗಾಳಿ ಹೊರಹೋಗುವ ಜಾಗವೇ ಮುಚ್ಚಿ, ಆಟದ ಬಸ್ಸು ಮಡಂತ್ಯಾರು ದಾಟುವಷ್ಟರಲ್ಲಿ ತಾವು ಕಣ್ಣು ಮುಚ್ಚಿದಿರಿ. “ಗೋಣಿ ತೆಗೀರಿ ಮಾರಾಯ್ರೆ! ನೀರು ಒಳಗೆ ಹೋದ್ರೆ ಕರೆಂಟು ನಿಮಗೇ ಹೊಡಿತದೆ!” ಎಂದು ಲತೇಶ ಫೋನಿನಲ್ಲಿ ಕಿರುಚಿದ್ದು ಆಚೆಮನೆಗೂ ಕೇಳಿಸಿತು.

ಅಂದಿನಿಂದ ತಮಗೆ ಸಲ್ಲುತ್ತಿರುವ ಉಪಚಾರವನ್ನು ನೋಡಿದರೆ ಯಾವ ಬೀಗರಿಗೂ ಹೊಟ್ಟೆಕಿಚ್ಚು ಹುಟ್ಟಬೇಕು. ತಮ್ಮ ಪಕ್ಕೆಯ ಮುಚ್ಚಳವನ್ನು ಬಿಚ್ಚಿಟ್ಟು ಚಾವಡಿಯ ಸ್ಟ್ಯಾಂಡ್ ಫ್ಯಾನನ್ನು ಎದುರಿಗೆ ನಿಲ್ಲಿಸಲಾಗಿದೆ. ಕರೆಂಟು ಹೋದರೆ ಇನ್ವರ್ಟರಿನಲ್ಲಿ ತಾವೊಬ್ಬರೇ ಉಸಿರಾಡುತ್ತೀರಿ. ಅಡುಗೆಮನೆಯಲ್ಲಿ ನಾನು ಮೇಣದಬತ್ತಿಯ ಬೆಳಕಿನಲ್ಲಿ ಬಂಗುಡೆ ಮೀನು ಹೆಚ್ಚುತ್ತೇನೆ. ಯಜಮಾನರು ಗಳಿಗೆಗೊಮ್ಮೆ ಅಂಗೈ ಹಿಂಭಾಗವನ್ನು ತಮ್ಮ ಬೆನ್ನಿಗೆ ತಾಗಿಸಿ “ಸ್ವಲ್ಪ ಇಳಿದಿದೆ” ಎಂದು ನಿಟ್ಟುಸಿರು ಬಿಡುತ್ತಾರೆ. ಹೋದ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂದು ಮೈ ಕೆಂಡವಾಗಿದ್ದಾಗ ಇದೇ ಮಹಾನುಭಾವರು ಬಾಗಿಲಲ್ಲೇ ನಿಂತು “ಕಷಾಯ ಮಾಡಿಕೊಂಡಿಯಾ?” ಎಂದು ವಿಚಾರಿಸಿದ್ದರು. ನನಗೂ ಒಂದೆರಡು ಬಣ್ಣದ ದೀಪ ಇದ್ದಿದ್ದರೆ ಎಂದು ಈಗ ಅನ್ನಿಸುತ್ತದೆ.

ಇಷ್ಟೆಲ್ಲವನ್ನೂ ನಾನು ನುಂಗಿಕೊಂಡೆ. ಆದರೆ ಈಗ ಭಾನುವಾರದ ಸಂಗತಿಯೊಂದು ಬಂದು ಬಿದ್ದಿದೆ. ಬೆಳ್ತಂಗಡಿಯಲ್ಲಿ ನನ್ನ ತಂಗಿ, ಅದೇ ಲತೇಶನ ತಾಯಿ, ಹೊಸ ಮನೆ ಕಟ್ಟಿಸಿದ್ದಾಳೆ. ಭಾನುವಾರ ಬೆಳಿಗ್ಗೆ ಗೃಹಪ್ರವೇಶ. ನಮ್ಮ ಯಜಮಾನರು ಇಡೀ ಜೀವಮಾನ ದಿನಕ್ಕೆ ಹಲವು ಸಲ ಬೆಳ್ತಂಗಡಿ ದಾಟಿದವರು, ಆದರೆ ನನ್ನ ತವರಿನವರ ಒಂದು ಕಾರ್ಯಕ್ಕೂ ಇಳಿದವರಲ್ಲ. ಮದುವೆಯಿರಲಿ, ತೊಟ್ಟಿಲಿರಲಿ, ನಾನೊಬ್ಬಳೇ ಹೋಗಿ “ಭಾವ ಬರ್ಲಿಲ್ವಾ?” ಎಂಬ ಪ್ರಶ್ನೆಗೆ ನಗುತ್ತಾ “ಡ್ಯೂಟಿ” ಎನ್ನುತ್ತಿದ್ದೆ. ನಿವೃತ್ತರಾದ ಮೇಲೆ ಜೊತೆಯಾಗಿ ಹೋಗುವ ಎಂದು ಅವರೇ ಮಾತು ಕೊಟ್ಟಿದ್ದರು. ಒಮ್ಮೆಯಾದರೂ ಅವರ ಪಕ್ಕದಲ್ಲಿ ನಡೆದು ಆ ಅಂಗಳಕ್ಕೆ ಕಾಲಿಡಬೇಕೆಂದು ನನಗೆ ಆಸೆ ಉಂಟು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಆದರೆ ಅದೇ ಬೆಳಿಗ್ಗೆ ಅವರಿಗೆ ಪಂದ್ಯವಂತೆ! ಬಿ.ಸಿ.ರೋಡಿನ ಹನೀಫಾರು ಹಿಂದೆ ಇದೇ ದಾರಿಯಲ್ಲಿ ಎದುರಾಳಿ ಬಸ್ಸು ಓಡಿಸುತ್ತಿದ್ದವರು. ಈಗ ಅವರ ಮನೆಯಲ್ಲೂ ತಮ್ಮ ಕುಲದವರೊಬ್ಬರು ಇದ್ದಾರೆ. ಇಬ್ಬರೂ ತಂತಮ್ಮ ಮನೆಯಲ್ಲಿ ಕುಳಿತು ಧರ್ಮಸ್ಥಳಕ್ಕೆ ಯಾರು ಮೊದಲು ಎಂದು ನೋಡುತ್ತಾರಂತೆ. ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ ಎಂದೆ. “ಮಧ್ಯಾಹ್ನ ಇದು ಕಾಯ್ತದೆ, ಬೆಳಿಗ್ಗೆಯೇ ಆಗ್ಬೇಕು. ನೀನು ಹೋಗಿ ಬಾ” ಎಂದರು. ಈ ಸಲ “ಡ್ಯೂಟಿ” ಎಂದು ನಾನು ಹೇಳಲಾರೆ. ನನ್ನ ಗಂಡ ಮನೆಯಲ್ಲಿ ಚಿತ್ರದ ಬೆಳ್ತಂಗಡಿಯಲ್ಲಿ ಚಿತ್ರದ ಜನರನ್ನು ಇಳಿಸುತ್ತಿದ್ದಾರೆ ಎಂದು ಯಾರೆದುರು ಹೇಳಲಿ?

ಆದುದರಿಂದ, ಮಾನ್ಯರೇ, ಲೋಕವೆಲ್ಲ ತಮ್ಮನ್ನು ತಂಪಾಗಿರಿ ಎಂದು ಬೇಡುವಾಗ ನಾನೊಬ್ಬಳು ತದ್ವಿರುದ್ಧವಾಗಿ ಬೇಡುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಯಜಮಾನರು ಸ್ನಾನ ಮುಗಿಸಿ ತಮ್ಮೆದುರು ಕುಳಿತೊಡನೆ ದಯವಿಟ್ಟು ಕುದಿಯಿರಿ. ಸ್ಫೋಟವೇನೂ ಬೇಡ, ಲತೇಶನಿಗೆ ಬೇಸರವಾದೀತು; ಸಂಜೆವರೆಗೆ ಏಳದಂಥ ಒಂದು ಮರ್ಯಾದಸ್ಥ ಜ್ವರ ಸಾಕು. ಇದು ತಮ್ಮ ಘನತೆಗೆ ಕುಂದೆನಿಸಿದರೆ, ತೆರೆಯ ಮೇಲೆ ಓಡುವ ಆ ಬಸ್ಸಿನ ಬಾಗಿಲನ್ನಾದರೂ ನನಗೆ ತೆರೆದುಕೊಡಿ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಡ್ರೈವರರ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುತ್ತೇನೆ. ಬೆಳ್ತಂಗಡಿ ಬಂದಾಗ ಅವರ ಕೈ ಹಿಡಿದು ಎಳೆದುಕೊಂಡು ಇಳಿಯುವುದು ನನ್ನ ಜವಾಬ್ದಾರಿ.

ತಮ್ಮ ಬಿಸಿಯುಸಿರಿನ ಕೃಪೆ ಸದಾ ಹೀಗೆಯೇ ಇರದಿರಲಿ ಎಂದು ಕೋರುವ,

ತಮ್ಮ ವಿಶ್ವಾಸಿ,
ಪ್ರೇಮಾವತಿ
(ತಮ್ಮ ಯಜಮಾನರ ಹೆಂಡತಿ)

ತಾ.ಕ.: ಇಷ್ಟು ಬರೆದ ಮೇಲೆ, ತಮ್ಮೊಬ್ಬರನ್ನೇ ನಂಬಿ ಕೂರುವುದು ಸರಿಯಲ್ಲವೆಂದು ತೋರಿ ಹನೀಫಾರಿಗೂ ಗೃಹಪ್ರವೇಶಕ್ಕೆ ಬನ್ನಿ ಎಂದು ಹೇಳಿಕೆ ಮಾಡಿ ಬಂದೆ. “ಊಟ ಬಿಟ್ಟು ಆಟ ಆಡ್ಲಿಕ್ಕೆ ನನಗೆಂತ ಮರುಳಾ ಟೀಚರೇ? ಬರ್ತೇನೆ” ಎಂದು ಒಂದೇ ಮಾತಿಗೆ ಒಪ್ಪಿದರು. ಅವರ ಮಗಳು ಸಜ್ನಾ ಕಾರು ಓಡಿಸುತ್ತಾಳೆ, ನಾನೂ ಅದರಲ್ಲೇ ಹೋಗುವವಳು. ಹೀಗಾಗಿ ಭಾನುವಾರ ಹನೀಫಾರು ನಿಜವಾದ ಬೆಳ್ತಂಗಡಿಯನ್ನು ನಮ್ಮವರಿಗಿಂತ ಮೊದಲು ಮುಟ್ಟುವುದು ಖಂಡಿತ. ಯಜಮಾನರಿಗೆ ಈ ಸುದ್ದಿಯನ್ನು ತಾವೇ ನಿಧಾನವಾಗಿ ತಿಳಿಸತಕ್ಕದ್ದು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಒಬ್ಬರಿಗೆ ಜಾಗ ಉಂಟು ಎಂಬುದನ್ನೂ ಸೇರಿಸಿ. ನಮ್ಮ ಗೇಟಿನ ಎದುರು ಒಂದೇ ಒಂದು ಹಾರ್ನ್ ಹೊಡೆಯಲು ಸಜ್ನಾಳಿಗೆ ಹೇಳಿಟ್ಟಿದ್ದೇನೆ.