ಸದ್ಯಕ್ಕಪ್ಪನವರ ವಾಷಿಂಗ್ ಮೆಷಿನ್

ಊರಿನ ಅರ್ಧದಷ್ಟು ಮಿಕ್ಸಿಗಳ, ಮುಕ್ಕಾಲು ಪಾಲು ಫ್ಯಾನುಗಳ ಜೀವ ಸದ್ಯಕ್ಕಪ್ಪನವರ ಕೈಯಲ್ಲಿತ್ತು. ಅವರ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲೇನೋ ಇತ್ತು, ಆದರೆ ಯಾರೂ ಅದನ್ನು ಓದುವ ಗೋಜಿಗೆ ಹೋಗಿರಲಿಲ್ಲ. ಏನನ್ನೇ ರಿಪೇರಿ ಮಾಡಿಕೊಡಲಿ, "ಸದ್ಯಕ್ಕೆ ಓಡುತ್ತೆ, ತಗೊಂಡ್ಹೋಗಿ" ಅನ್ನುವುದು ಅವರ ರೂಢಿ. ಒಂದು ಗೇಣು ತಂತಿ, ಒಂದು ತುಂಡು ಟೇಪು ಸಿಕ್ಕರೆ ಸಾಕು, ಸತ್ತ ಯಂತ್ರವನ್ನು ಎಬ್ಬಿಸಿ ಕೂರಿಸುತ್ತಿದ್ದರು. (ಅದು ಎಷ್ಟು ಹೊತ್ತು ಕೂತಿರುತ್ತದೆ ಎಂಬುದು ಬೇರೆ ಮಾತು.) ಇಂತಹ ಮಹಾನುಭಾವರ ಸ್ವಂತ ಮನೆಯ ವಾಷಿಂಗ್ ಮೆಷಿನ್ ಕೆಟ್ಟು ಹನ್ನೊಂದು ದಿನವಾಗಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದರು ಹೆಂಡತಿ. ಆಕೆ ಆಸ್ಪತ್ರೆಯಲ್ಲಿ ನರ್ಸು. ಇದ್ದದ್ದು ಎರಡೇ ಬಿಳಿ ಯೂನಿಫಾರಂ, ದಿನಾ ಕೈಯಲ್ಲಿ ಒಗೆದು ಒಗೆದು ಬೆರಳ ಸಂದಿಯೆಲ್ಲ ಸುಲಿದಿತ್ತು. "ನೋಡಿ, ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಇದು ತಿರುಗದೇ ಇದ್ರೆ ನಾನು ಟಾರ್ಚಿಗೆ ಫೋನ್ ಮಾಡ್ತೀನಿ."

ಸದ್ಯಕ್ಕಪ್ಪನವರು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರು. ಟಾರ್ಚ್ ಅಂದರೆ ಮುಂದಿನ ಬೀದಿಯ ಮೆಕ್ಯಾನಿಕ್. ಇಪ್ಪತ್ತು ವರ್ಷದ ಹಿಂದೆ ಇವರ ಕೈಕೆಳಗೇ ಕೆಲಸ ಕಲಿತವನು. ಇವರು ಯಂತ್ರದೊಳಗೆ ತಲೆ ತೂರಿಸಿದಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುವುದೇ ಆಗ ಅವನ ಕೆಲಸ. "ಕೈ ಅಲ್ಲಾಡಿಸಬೇಡ್ವೋ!" ಎಂದು ಇವರು ದಿನಕ್ಕೆ ಹತ್ತು ಸಲ ಗದರುತ್ತಿದ್ದರು. ಈಗ ಅವನ ತಲೆಯೂ ನರೆತಿದೆ, ಅವನ ಅಂಗಡಿಯ ಮುಂದೆ ಜನ ಸಾಲು ನಿಲ್ಲುತ್ತಾರೆ. ಅವನು ಚೀಲ ಹಿಡಿದು ತಮ್ಮ ಮನೆಯ ಮೆಟ್ಟಿಲು ಹತ್ತಿದ್ದನ್ನು ನಾಲ್ಕು ಜನ ನೋಡಿದರೆ ಮರುದಿನ ಅಂಗಡಿ ಬಾಗಿಲು ತೆಗೆಯಲು ಯಾವ ಮುಖ ಇರುತ್ತದೆ?

ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಬಚ್ಚಲುಮನೆಯಲ್ಲಿ ಮಂಡಿಯೂರಿ ಕೂತು ಸ್ಕ್ರೂಡ್ರೈವರ್ ಎತ್ತಿದರು. ಮೆಷಿನ್ನಿನ ಒಳಗಿಂದ ದನಿ ಬಂತು.

"ಮಾನ್ಯ ಬಳಕೆದಾರರೇ, ಈ ಉಪಕರಣವು ಇದೀಗ ನಮ್ಮ ವಶದಲ್ಲಿರುತ್ತದೆ. ನಾವು ಅನ್ಯಗ್ರಹದವರು. ದಯವಿಟ್ಟು ಶರಣಾಗಿರಿ."

(ಭಾಷೆಯನ್ನು ಅವರು ಮೆಷಿನ್ನಿನ ಜೊತೆ ಬಂದ ಪುಸ್ತಕ ಓದಿ ಕಲಿತಿದ್ದರು.)

ಬೇರೆಯವರಾಗಿದ್ದರೆ ಚೀರಿಕೊಂಡು ಓಡುತ್ತಿದ್ದರು. ಸದ್ಯಕ್ಕಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏ, ಬಾರೇ ಇಲ್ಲಿ! ಮೆಷಿನ್ ಕೆಟ್ಟಿಲ್ವಂತೆ ಕಣೇ, ಅನ್ಯಗ್ರಹದವರು ಹಿಡ್ಕೊಂಡಿದ್ದಾರಂತೆ! ಇದಕ್ಕೆ ನಾನೇನು ಮಾಡಕ್ಕಾಗುತ್ತೆ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎನ್ನುತ್ತಲೇ ಹೆಂಡತಿ ಬಂದರು. ಕೈಯಲ್ಲಿ ನೆನೆಸಿದ ಯೂನಿಫಾರಂ ಇತ್ತು. ಮೆಷಿನ್ ಅವರಿಗೂ ಶರಣಾಗಲು ಹೇಳಿತು. ಆಕೆ ಸೊಂಟದ ಮೇಲೆ ಕೈಯಿಟ್ಟರು.

"ಆಗಲಿ, ಶರಣಾದೆ. ಬಟ್ಟೆ ಒಗೀತೀರಾ?"

ಒಳಗೆ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು.

"ತಾಯೀ, ಅದೇ ತೊಂದರೆ," ಎಂದಿತು ದನಿ, ಈಗ ತುಸು ತಗ್ಗಿ. "ನಮ್ಮ ಒಂದು ಪಡೆ ಆಸ್ಪತ್ರೆಯ ಲಿಫ್ಟನ್ನು ಹಿಡಿಯಿತು. ಇನ್ನೊಂದು ಬೇಕರಿಯ ಒಲೆಯನ್ನು ಹಿಡಿಯಿತು. ನಮ್ಮ ಪಾಲಿಗೆ ಬಂದದ್ದು ಇದು. ಹನ್ನೊಂದು ದಿನದಿಂದ ತಿರುಗಿಸುತ್ತಿದ್ದೇವೆ, ತಿರುಗುತ್ತಿಲ್ಲ. ಉಳಿದ ಪಡೆಯವರು ನಗುತ್ತಿದ್ದಾರೆ."

"ಲಿಫ್ಟ್ ನೀವೇನಾ?" ಹೆಂಡತಿಯ ಮುಖ ಅರಳಿತು. "ಅದಕ್ಕೇ ಈಚೆಗೆ ಒತ್ತಿದ ಮಹಡಿಯಲ್ಲೇ ನಿಲ್ತಿದೆ! ನೋಡಿಪ್ಪಾ, ಬೇಕಾದ್ರೆ ಇಡೀ ಲೋಕಾನೇ ಆಳ್ಕೊಳ್ಳಿ. ಬೆಳಿಗ್ಗೆ ಆರಕ್ಕೆ ನನ್ನ ಯೂನಿಫಾರಂ ಒಗೆದು ಹಿಂಡಿರ್ಬೇಕು, ಅಷ್ಟೆ."

"ಒಪ್ಪಿದೆವು. ಆದರೆ ರಿಪೇರಿಯವರು ಬೇಕು."

ಹೆಂಡತಿಯೂ ಮೆಷಿನ್ನೂ ಒಟ್ಟಿಗೆ ಸದ್ಯಕ್ಕಪ್ಪನವರ ಕಡೆ ತಿರುಗಿದಂತಾಯಿತು. ನೆಪ ಕೈಜಾರಿತು, ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಅವರು ಹಿಂಬದಿಯ ತಗಡು ಬಿಚ್ಚಿದರು. ಬೆಲ್ಟ್ ಹರಿದಿತ್ತು. ಹೋದ ವರ್ಷವೂ ಅಲ್ಲೇ ಹರಿದಿತ್ತು, ಆಗ ಅವರೇ ತಂತಿ ಹಾಕಿ ಹೊಲಿದಿದ್ದರು. ಹೊಸ ಬೆಲ್ಟ್ ತರಲು ಪೇಟೆಗೆ ಹೋಗಿಬರಲು ಈಗ ಹೊತ್ತೆಲ್ಲಿ? ಜೇಬಿಗೆ ಕೈಹಾಕಿ ಒಂದು ಗೇಣು ತಂತಿ ತೆಗೆದರು.

"ಮಾನ್ಯ ಬಳಕೆದಾರರೇ, ಅದೇನು?"

"ಇದಾ? ಇದು... ಸದ್ಯಕ್ಕೆ."

"ಸದ್ಯಕ್ಕೆ ಎಂದರೆ ಎಷ್ಟು ವರ್ಷ?"

"ನೀವು ತಿರುಗಿಸ್ರೀ, ಆಮೇಲೆ ಮಾತಾಡೋಣ!"

ಮೆಷಿನ್ ಗುರ್ರೆಂದಿತು. ಡ್ರಮ್ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ಸದ್ಯಕ್ಕಪ್ಪನವರು ಮೀಸೆ ತಿರುವುತ್ತ ಹೆಂಡತಿಯ ಮುಖ ನೋಡಿದರು. ಮೂರನೆಯ ಸುತ್ತಿಗೆ ತಂತಿ ಟಕ್ಕೆಂದು ಕಿತ್ತು ಬಚ್ಚಲಿನ ಬಲ್ಬಿಗೆ ಬಡಿಯಿತು. ಬಲ್ಬು ಒಡೆದು, ಕಿಟಕಿಯಿಲ್ಲದ ಬಚ್ಚಲುಮನೆ ಕತ್ತಲಾಯಿತು. ಡ್ರಮ್ಮಿನೊಳಗೆ ಒಬ್ಬರ ಮೇಲೊಬ್ಬರು ಬಿದ್ದ ಸದ್ದು ಕೇಳಿಸಿತು, ಯಾವುದೋ ಗ್ರಹದ ಬೈಗುಳವೂ ಕೇಳಿಸಿತು.

"ಇನ್ನೂ ಹತ್ತಾಗಿಲ್ಲ ಕಣೇ," ಎಂದು ಸದ್ಯಕ್ಕಪ್ಪನವರು ಅಂಗಲಾಚಿದರು. "ಫೋನ್ ಮಾತ್ರ ಮಾಡಬೇಡ. ನನ್ನ ಮಾನದ ಪ್ರಶ್ನೆ."

"ನಾನ್ಯಾಕೆ ಮಾಡ್ಲಿ? ಮಾತು ಅಂದ್ರೆ ಮಾತು. ಹತ್ತರ ತನಕ ಮುಟ್ಟಲ್ಲ."

ಆಕೆ ನಿಜಕ್ಕೂ ಮುಟ್ಟಲಿಲ್ಲ. ಆದರೂ ಹತ್ತಕ್ಕೆ ಐದು ನಿಮಿಷವಿರುವಾಗ ಬಾಗಿಲ ಕರೆಗಂಟೆ ಸದ್ದು ಮಾಡಿತು. ಚೀಲ ಹೆಗಲಿಗೇರಿಸಿ ಟಾರ್ಚ್ ನಿಂತಿದ್ದ. ಅವನ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಅಕ್ಕಪಕ್ಕದ ಮನೆಯ ನಾಲ್ಕು ಜನ ಕುತ್ತಿಗೆ ಉದ್ದ ಮಾಡಿಕೊಂಡು ನಿಂತಿದ್ದರು.

"ನಿನ್ನ ಯಾರು ಕರೆದದ್ದು?" ಸದ್ಯಕ್ಕಪ್ಪನವರು ಬಾಗಿಲಿಗೆ ಅಡ್ಡ ನಿಂತರು.

"ನಿಮ್ಮ ಮೆಷಿನ್ನೇ ಫೋನ್ ಮಾಡಿತ್ತು ಗುರುಗಳೇ. ಪಾಪ, ಅಳ್ತಾ ಇತ್ತು. ಬರ್ತಾ ಹೊಸ ಬೆಲ್ಟ್ ತಂದಿದೀನಿ."

ಟಾರ್ಚ್ ಚಪ್ಪಲಿ ಬಿಟ್ಟು ವಿನಯದಿಂದ ಒಳಗೆ ಬಂದ. ಕಿತ್ತ ತಂತಿಯನ್ನು ಹೆಕ್ಕಿ, ನೀಟಾಗಿ ಸುತ್ತಿ ಗುರುಗಳ ಕೈಗೆ ಕೊಟ್ಟ. ಅದು ಸದ್ಯಕ್ಕಪ್ಪನವರಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ಅವನು ಮೆಷಿನ್ನಿನ ಹಿಂದೆ ತಲೆ ತೂರಿಸಿ, ಮತ್ತೆ ಹೊರಗೆ ತೆಗೆದು, ಚೀಲದಿಂದ ಒಂದು ಹಳೆಯ ಟಾರ್ಚ್ ತೆಗೆದ.

"ಗುರುಗಳೇ, ತಪ್ಪು ತಿಳ್ಕೋಬೇಡಿ. ಬಲ್ಬ್ ಬೇರೆ ಹೋಗಿದೆ, ಒಳಗೆ ಏನೂ ಕಾಣ್ತಿಲ್ಲ. ಒಂಚೂರು ಇದನ್ನ ಹಿಡ್ಕೊಳ್ತೀರಾ?"

ಸದ್ಯಕ್ಕಪ್ಪನವರು ಹೆಂಡತಿಯನ್ನು ನೋಡಿದರು, ಬಾಗಿಲಲ್ಲಿದ್ದ ನಾಲ್ವರನ್ನು ನೋಡಿದರು. ಬೇರೆ ದಾರಿಯಿರಲಿಲ್ಲ. ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತರು. ಅವಮಾನಕ್ಕೋ ಸಿಟ್ಟಿಗೋ ಕೈ ನಡುಗಿ, ಬೆಳಕು ಗೋಡೆಯ ಮೇಲೆಲ್ಲ ಕುಣಿಯಿತು.

"ಮಾನ್ಯ ಬಳಕೆದಾರರೇ," ಎಂದಿತು ಮೆಷಿನ್ನಿನೊಳಗಿನ ದನಿ, "ದಯವಿಟ್ಟು ಕೈ ಅಲ್ಲಾಡಿಸಬೇಡಿ."