ಸಂದಿಯ ಸಂಶೋಧನೆ

ನಿಂಗರಾಜನ ತಾಪತ್ರಯಕ್ಕೆಲ್ಲ ಮೂಲ ಒಂದು ತೂಕಡಿಕೆ.

ದೇವದುರ್ಗದ ನಿಂಗರಾಜ ರಾಯಚೂರಿನ ಕಾನೂನು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಪಿಎಚ್‌ಡಿ ಇಲ್ಲದಿದ್ದರೆ ಅತಿಥಿಯಾಗಿಯೂ ಇಟ್ಟುಕೊಳ್ಳುವುದಿಲ್ಲ ಎಂದು ತಿಳಿದ ಮೇಲೆ ಸಂಶೋಧನೆಗೆ ಸೇರಿದ್ದ. ಮಧ್ಯಾಹ್ನದ ಸಂಶೋಧನಾ ವಿಧಾನದ ತರಗತಿಯಲ್ಲಿ ಮಾರ್ಗದರ್ಶಕಿ ಪ್ರಿಯದರ್ಶಿನಿ ಮೇಡಂ, "ಲೈಬ್ರರಿಯಾಗ ಕುಂತು ತೀರ್ಪು ಓದೋದು ಒಂದು ವಿಧಾನ. ಮಂದಿ ನಡುವ ಹೋಗಿ ಕೇಳೋದು ಇನ್ನೊಂದು. ಹಳ್ಳಿಗೆ ಯಾರು ಹೋಗ್ತೀರಿ?" ಎಂದು ಕೇಳುವುದಕ್ಕೂ ನಿಂಗರಾಜನ ತಲೆ ಎದೆಯ ಮೇಲೆ ಬೀಳುವುದಕ್ಕೂ ಸರಿಹೋಯಿತು. ಮೇಡಂ ಅದನ್ನು ಒಪ್ಪಿಗೆಯೆಂದು ತಿಳಿದರು.

"ಶಾಬಾಸ್ ನಿಂಗರಾಜ!"

ಕಣ್ಣು ಬಿಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಲೈಬ್ರರಿಯ ಫ್ಯಾನಿನ ಕೆಳಗೇ ಡಾಕ್ಟರ್ ಆಗುವ ಅವನ ಕನಸು ಅಲ್ಲಿಗೆ ಮುಗಿಯಿತು.

ಕೆಲಸ ಸಣ್ಣದೇ. ಪೋತ್ನಾಳದ ದುರುಗಪ್ಪ ಎಂಬವನು ಎರಡು ಮನೆಗಳ ನಡುವಿನ ಸಂದಿಗಾಗಿ ಪಕ್ಕದ ಮನೆಯವನೊಡನೆ ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಗಿದ್ದ. ಆ ರಾಜಿ ಇಬ್ಬರಿಗೂ ಎಷ್ಟು ತೃಪ್ತಿ ಕೊಟ್ಟಿದೆಯೆಂದು ಕೇಳಿಕೊಂಡು ಬರಬೇಕು.

"ಯಾರ ಪಕ್ಷಾನೂ ವಹಿಸಬ್ಯಾಡ್ರಿ. ಒಬ್ರು ಹೇಳಿದ್ದು ಇನ್ನೊಬ್ರಿಗೆ ಹೇಳಬ್ಯಾಡ್ರಿ. ಮತ್ತ, ಮೊದ್ಲ ಹೇಳಿದ್ದನ್ನ ಪೂರಾ ನಂಬಬ್ಯಾಡ್ರಿ, ಮಂದಿ ಒಳಗಿಂದು ಒಳಗ ಇಟ್ಕೊಂಡಿರ್ತಾರ," ಎಂದು ಮೇಡಂ ಎಚ್ಚರಿಸಿದರು. "ಊರಾಗ ಹೇಳಿಸೀನಿ. ನಿಮ್ಮ ದಾರಿ ಕಾಯ್ತಿರ್ತಾರ."

ಮರುದಿನ ಬೆಳಿಗ್ಗೆ ಈ ಸೂತ್ರಗಳನ್ನು ಬಾಯಿಪಾಠ ಮಾಡುತ್ತ ಬಸ್ಸು ಹತ್ತಿದ ನಿಂಗರಾಜ, ಮಾನ್ವಿ ದಾಟುವಷ್ಟರಲ್ಲಿ ನಿದ್ದೆಹೋದ. ಎಚ್ಚರವಾದಾಗ ಪೋತ್ನಾಳ ಹಿಂದೆ ಬಿದ್ದಿತ್ತು. ಇಳಿದು, ಗದ್ದೆಗಳ ನಡುವೆ ವಾಪಸ್ಸು ನಡೆದು, ಊರನ್ನು ಹಿಂಬದಿಯಿಂದ ಹೊಕ್ಕ. ನಲ್ಲಿಯ ಹತ್ತಿರ ನಿಂತಿದ್ದ ಹುಲಗೆಮ್ಮ ಎಂಬ ಮುದುಕಿಯನ್ನು, "ಯವ್ವಾ, ದುರುಗಪ್ಪನ ಮನಿ ಯಾವುದು?" ಎಂದು ಕೇಳಿದ. ಆಕೆ ಎದುರಿನ ಮನೆಗೆ ಕೈತೋರಿಸಿದಳು. ಕಟ್ಟೆಯ ಮೇಲೆ ದುರುಗಪ್ಪ ಅವನಿಗಾಗಿಯೇ ಕಾಯುತ್ತಿದ್ದಂತೆ ಕೂತಿದ್ದ. ಪಕ್ಕದಲ್ಲಿ ಸಂದಿಯೂ ಇತ್ತು. ಸಂದಿಯಾಚೆ ಮಹಾಂತಯ್ಯನ ಮನೆ ಮತ್ತು ಕಿರಾಣಿ ಅಂಗಡಿ. ನಿಂಗರಾಜನಿಗೆ ಇನ್ನೇನು ಬೇಕು?

"ಯಜಮಾನ್ರ, ಈ ಸಂದಿ ಬಾಬತ್ತಿನ ರಾಜಿ ನಿಮಗ ತೃಪ್ತಿ ತಂದದೇನು?"

"ಯಾವ ರಾಜಿರೀ? ನಮ್ಮ ಅಯ್ಯನವ್ರ ಜೋಡಿ ನಂದೇನೂ ಜಗಳ ಇಲ್ಲಲ್ಲ."

ನಿಂಗರಾಜನಿಗೆ ರೋಮಾಂಚನವಾಯಿತು. 'ತೃಪ್ತಿ ಅತ್ಯಧಿಕ. ಜಗಳವನ್ನೇ ಮರೆತಿದ್ದಾರೆ' ಎಂದು ಬರೆದುಕೊಂಡ. ಕೂಡಲೇ ಮೇಡಂ ಹೇಳಿದ್ದು ನೆನಪಾಗಿ, ಡಾಕ್ಟರು ಹೊಟ್ಟೆ ಒತ್ತಿನೋಡುವಂತೆ ಇನ್ನಷ್ಟು ಒತ್ತಿದ.

"ಆ ರಾಜಿಯೊಳಗ ನೀವು ಕಳಕೊಂಡಿದ್ದು ಏನು?"

"ಕಳಕೊಂಡಿದ್ದಾ?" ದುರುಗಪ್ಪನ ಮುಖದ ನಗೆ ಸಣ್ಣದಾಯಿತು. "ಲೇ ಬಾಲವ್ವಾ, ನಾವೇನರ ಕಳಕೊಂಡೀವೇನು?"

ಹೆಂಡತಿ ಬಾಲಮ್ಮ ಒಳಗಿನಿಂದ ಬಂದು ಸಂದಿಯನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟು ವರ್ಷ ಆಕೆ ಅದನ್ನು ಹಾಗೆ ನೋಡಿಯೇ ಇರಲಿಲ್ಲ. "ಪೂರಾ ಸಂದಿ ನಮ್ದ ಅಂತ ನಿಮ್ಮಪ್ಪ ಸಾಯೂಮುಂದ ಏನೋ ಅಂದಿದ್ನಲ್ರೀ?"

"ಅಂವ ನೀರು ಕೇಳಿದ್ದು ಅಂದ್ಕೊಂಡಿದ್ದೆ," ಎಂದು ದುರುಗಪ್ಪ ಯೋಚನೆಗೆ ಬಿದ್ದ.

ನಿಂಗರಾಜ ಅಂಗಡಿಗೆ ಹೋದ. ಮಹಾಂತಯ್ಯ ಹಣೆತುಂಬ ವಿಭೂತಿ ಹಚ್ಚಿಕೊಂಡು ಶಾಂತಿಯ ಅವತಾರದಂತೆ ಕೂತಿದ್ದ.

"ಅಯ್ಯನವ್ರ, ನಿಮ್ಮ ಎದುರು ಪಕ್ಷದವರು ರಾಜಿ ಪ್ರಕಾರ ನಡಕೊಳ್ಳಾಕತ್ತಾರೇನು?"

"ಎದುರು ಪಕ್ಷಾ? ದುರುಗಪ್ಪ ಕೋರ್ಟಿಗೆ ಹೋಗ್ಯಾನೇನು?"

"ಅದು ಹೇಳಂಗಿಲ್ರಿ. ಗುಟ್ಟಿನ ವಿಷಯ."

"ಈಗ ಅವನ ಕಟ್ಟಿ ಮ್ಯಾಲ ಕುಂತು ಏನು ಬರಕೊಂಡ್ರಿ?"

"ಅದಂತೂ ಹೇಳಂಗ ಇಲ್ರಿ."

ಮಹಾಂತಯ್ಯ ಎದ್ದ. ಒಳಗಿನಿಂದ ಹೊರಸು ಎಳೆದು ತಂದು ಸಂದಿಯ ಬಾಯಿಗೆ ಅಡ್ಡ ಹಾಕಿ, ಅದರ ಮೇಲೆ ಮಲಗಿಬಿಟ್ಟ. ಅವನ ಹೆಂಡತಿ ಬಸವಂತಮ್ಮ ದಿನಾ ಸಂದಿ ದಾಟಿ ಬಾಲಮ್ಮನಿಗೆ ಕೊಡುತ್ತಿದ್ದ ಮಜ್ಜಿಗೆ ತಂಬಿಗೆಯನ್ನು ಒಳಗೊಯ್ದಳು.

ಹುಲಗೆಮ್ಮ ನಲ್ಲಿಯಿಂದ ನಲ್ಲಿಗೆ ಸುದ್ದಿ ಮುಟ್ಟಿಸಿದ್ದಳು: ಕೋರ್ಟಿನ ಸಾಹೇಬರು ಸಂದಿ ಅಳೆಯಲು ಬಂದಿದ್ದಾರೆ! ಊರಲ್ಲಿ ಸಂದಿಯಿದ್ದವರೆಲ್ಲ ಓಡಿ ಬಂದರು. ಇಲ್ಲದವರು ನೋಡಲು ಬಂದರು. "ಸಾಹೇಬ್ರ, ನಮ್ದೂ ಒಂದೀಟು ಅಳೀರಿ" ಎಂದು ಒಬ್ಬ ನಿಂಗರಾಜನ ಕೈಗೆ ಹಗ್ಗವನ್ನೇ ಕೊಟ್ಟ. ಆ ಹೊತ್ತಿಗೆ ದುರುಗಪ್ಪನ ಕುರಿಗಳು ನೀರು ಕುಡಿಯಲು ಮನೆಗೆ ಬಂದವು. ದಿನಾ ಹೋಗುವ ಸಂದಿಯಲ್ಲಿ ಅಯ್ಯನವರು ಮಲಗಿದ್ದರಿಂದ ಅವು ಕಿರಾಣಿ ಅಂಗಡಿಗೆ ನುಗ್ಗಿದವು.

"ಅಯ್ಯನವ್ರ, ನಿಮ್ಮ ಪಾದಕ್ಕ ಶರಣು! ಆದ್ರ ಮೊದ್ಲ ನಿಮ್ಮ ಹೊರಸು ಎತ್ರಿ!" ದುರುಗಪ್ಪ ಕೂಗಿದ.

"ನಿಂಗ ಒಳ್ಳೇದಾಗ್ಲಿ ಮಗನ! ಆದ್ರ ನಿನ್ನ ಕುರಿ ನನ್ನ ಶೇಂಗಾದಾಗಿಂದ ಬಾಯಿ ತಗೀಲಿ!"

ಜನ ಎರಡು ಬಣವಾದರು. ನಿಂಗರಾಜ ತಟಸ್ಥನಾಗಿರಲು ಸರಿಯಾಗಿ ನಡುವೆ ನಿಂತ. ಹಾಗಾಗಿ ಎರಡೂ ಕಡೆಯ ನೂಕಾಟ ಅವನಿಗೇ ಬಿತ್ತು. ಅಂಗಿಯ ತೋಳು ಒಂದು ಪಕ್ಷದ ಪಾಲಾಯಿತು, ಚಪ್ಪಲಿ ಇನ್ನೊಂದು ಪಕ್ಷದ ಪಾಲಾಯಿತು.

ಗಲಾಟೆ ಕೇಳಿ ಪಂಚಾಯಿತಿ ಸದಸ್ಯೆ ಗುಲ್ಶನ್ ಬೇಗಂ ಬಂದರು. ಎಲ್ಲರನ್ನೂ ಗದರಿಸಿ ಸುಮ್ಮನಾಗಿಸಿ, ನಿಂಗರಾಜನನ್ನು ವಿಚಾರಿಸಿ ಹಣೆ ಬಡಿದುಕೊಂಡರು.

"ಯಾ ಅಲ್ಲಾ! ಮೇಡಂ ಅವರು ಕಳಿಸಿದ್ದು ನಿಮ್ಮನ್ನೇನು? ಕೋರ್ಟಿಗೆ ಹೋಗಿದ್ದ ದುರುಗಪ್ಪ ಇಂವ ಅಲ್ರೀ! ಅಂವ ಬಸ್ ಸ್ಟ್ಯಾಂಡ್ ಕಡಿ ಇರೋ ದುರುಗಪ್ಪ. ಮುಂಜಾನಿಂದ ಅವನ್ನೂ ಅವನ ಬಾಜೂಕಿನ ಮನಿಯವನ್ನೂ ಅಲ್ಲೇ ಒಂದ ಬೆಂಚಿನ ಮ್ಯಾಲ ಕುಂದ್ರಿಸಿ ನಿಮ್ಮ ದಾರಿ ಕಾಯಿಸಾಕತ್ತೀನಿ. ಇವ್ರಿಬ್ರು ಎಂದೂ ಕೋರ್ಟಿನ ಮಕಾ ನೋಡಿಲ್ಲ."

ನಿಂಗರಾಜ ಎರಡೂ ಕೈ ಜೋಡಿಸಿದ. "ತಪ್ಪಾತ್ರಿ ಯಜಮಾನ್ರ. ತಪ್ಪಾತ್ರಿ ಅಯ್ಯನವ್ರ. ನಿಮ್ಮ ನಡುವ ಯಾವ ತಕರಾರೂ ಇಲ್ಲ."

ಎಲ್ಲರೂ ನಕ್ಕರು. ದುರುಗಪ್ಪ ನಕ್ಕ, ಹೊರಸಿನ ಮೇಲಿಂದ ಮಹಾಂತಯ್ಯನೂ ನಕ್ಕ. ನಿಂಗರಾಜ ಚಪ್ಪಲಿ ಹುಡುಕತೊಡಗಿದ.

"ಅದು ಹೋಗ್ಲಿ ಬಿಡ್ರಿ," ಎಂದ ದುರುಗಪ್ಪ, ನಗು ನಿಲ್ಲಿಸಿ. "ಸಂದಿ ಮಾತ್ರ ಯಾರದು?"

"ಹೌದು, ಅದೊಂದು ಇತ್ಯರ್ಥ ಆಗ್ಲಿ," ಎಂದು ಮಹಾಂತಯ್ಯ ಮತ್ತೆ ಮಲಗಿದ.

ನಿಂಗರಾಜ ಚಪ್ಪಲಿಯ ಆಸೆ ಬಿಟ್ಟು ಬಸ್ ಸ್ಟ್ಯಾಂಡಿನತ್ತ ಓಡಿದ. ಇಲ್ಲಿ ರಾಡಿ ಎಬ್ಬಿಸಿದ್ದಾಯಿತು, ಅಲ್ಲಿ ಇಬ್ಬರು ಸಂತೃಪ್ತ ಮನುಷ್ಯರು ಬೆಳಗಿನಿಂದ ಜೊತೆಯಾಗಿ ಕೂತಿದ್ದಾರೆ. ಅವರ ಮಾತು ಬರೆದುಕೊಂಡರೆ ಮೇಡಂಗೆ ತೋರಿಸಲು ಏನಾದರೂ ಉಳಿಯುತ್ತದೆ.

ಬೆಂಚು ಖಾಲಿಯಿತ್ತು. ಚಹಾದಂಗಡಿಯ ಬಡೇಬೀಯನ್ನು ಕೇಳಿದ.

"ಈಗ ಹೋದ್ರಲ್ರೀ. ನೀವು ಏನು ಕೇಳ್ತೀರಿ, ತಾವು ಏನು ಹೇಳಬೇಕು ಅಂತ ಮುಂಜಾನಿಂದ ಇಬ್ರೂ ತಾಲೀಮು ಮಾಡಾಕತ್ತಿದ್ರು. ರಾಜಿಗೆ ಮೊದ್ಲ ಸೋತು ಬಂದವ್ರು ಯಾರು ಅನ್ನೋದರಾಗ ಮಾತು ಹತ್ತಿತು. ನೀನು ಅಂತ ಇಂವ, ನೀನು ಅಂತ ಅಂವ. ನನ್ನ ಎರಡು ಗ್ಲಾಸು ಒಡೆದ್ರು. ಕೇಸು ಮತ್ತ ಹಾಕ್ತೀವಿ ಅಂತ ಇಬ್ರೂ ಮಾನ್ವಿ ವಕೀಲರ ಕಡಿ ಒಂದ ಬಸ್ಸಿಗೆ ಹೋದ್ರು."

ನಿಂಗರಾಜ ಬೆಂಚಿನ ಮೇಲೆ ಕುಸಿದ. ಆಗಲೇ ಪ್ರಿಯದರ್ಶಿನಿ ಮೇಡಂ ಫೋನು ಮಾಡಿದರು. ಏನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಸಂಶೋಧನೆಯಿಂದಲೇ ಕಿತ್ತುಹಾಕುತ್ತಾರೆ, ಫ್ಯಾನಿನ ಕೆಳಗೆ ಅಲ್ಲದಿದ್ದರೂ ನೆಮ್ಮದಿಯಾಗಿ ದೇವದುರ್ಗದಲ್ಲಿರಬಹುದು ಎಂಬ ಹೊಸ ಆಸೆ ಅವನಲ್ಲಿ ಚಿಗುರುತ್ತಿತ್ತು.

"ಭಾರೀ ಛಲೋ ಆತು ನಿಂಗರಾಜ!" ಎಂದರು ಮೇಡಂ. "ಜಗಳ ಹುಟ್ಟಿದ ಗಳಿಗಿಯಿಂದ ಕಣ್ಣಾರೆ ನೋಡಿದ ಸಂಶೋಧಕ ಯಾರದಾನ ಹೇಳ್ರಿ? ಒಂದು ಕೇಸಿನ ಬದ್ಲಿ ಎರಡು ಸಿಕ್ಕವು. ಇವು ಕೋರ್ಟಿಗೆ ಹೋಗಿ, ತಿರುಗಿ ರಾಜಿ ಆಗೂತನಕ ಬೆನ್ನು ಬಿಡಬ್ಯಾಡ್ರಿ. ಅಲ್ಲೀತನಕ ಪೋತ್ನಾಳದಾಗ ಒಂದು ಬಾಡಿಗಿ ಮನಿ ನೋಡ್ಕೋರಿ."

ಫೋನು ಕಿವಿಯಲ್ಲೇ ಇತ್ತು; ಮೇಡಂ ದನಿ ಚಹಾದಂಗಡಿಯವರೆಗೂ ಕೇಳಿತ್ತು. ಬಡೇಬೀ ಕೈಯೊರೆಸುತ್ತ ಹತ್ತಿರ ಬಂದಳು.

"ಮನಿ ಬೇಕೇನ್ರಿ? ನಮ್ದೊಂದು ಅದ. ಆದ್ರ ಬಾಜೂಕಿನ ಸಂದಿದು ಸ್ವಲ್ಪ ಕಿರಿಕಿರಿ ಅದ."