ಎರಡಾಣೆ ಬಾಟಲಿಯ ತಪಾಸಣೆ

ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಬೀದರಿನ ಲೆಕ್ಕ ತಪಾಸಣೆ ಕಚೇರಿಯಲ್ಲಿ ನಾನು ಗುಮಾಸ್ತ. ಸರ್ಕಾರಿ ನೌಕರರಿಗೆ ಔಷಧಿ ಕೊಟ್ಟ ಖಾಸಗಿ ಡಾಕ್ಟರರಿಗೆ ಸರ್ಕಾರ ಹಣ ಕೊಡುತ್ತಿತ್ತು. ಅವರ ಬಿಲ್ಲುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಬಿ.ಎ. ಓದಿ ನಾನು ಕಲಿತದ್ದು ಒಂದೇ: ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದು. ಈ ನಿಯಮ ನನ್ನ ನೆನಪಿಗೂ ಅನ್ವಯಿಸುತ್ತದೆಂದು ಯಾವ ಪ್ರೊಫೆಸರರೂ ಹೇಳಿರಲಿಲ್ಲ.

ಔರಾದಿನ ಡಾಕ್ಟರರ ಬಿಲ್ಲಿನಲ್ಲಿ ನನ್ನದೇ ಹೆಸರು ಕಂಡಿತು. ಹಿಂದಿನ ಮಳೆಗಾಲ ಕೆಲಸದ ಮೇಲೆ ಹೋದಾಗ ಅಲ್ಲಿ ಜ್ವರ ಬಂದಿತ್ತು. ಚಳಿಗಾಲ ಎನ್ನುತ್ತಾಳೆ ಹೆಂಡತಿ, ಇರಬಹುದು. ಔಷಧಿಗೆ ಹನ್ನೆರಡಾಣೆ, ಸರಿ. ಬಾಟಲಿಗೆ ಎರಡಾಣೆ! ಆಗೆಲ್ಲ ಔಷಧಿಗೆ ಬಾಟಲಿ ಮನೆಯಿಂದಲೇ ಒಯ್ಯುವುದು ರೂಢಿ. ನಾನೂ ಪಂಚೆಯಲ್ಲಿ ಸುತ್ತಿ ಒಯ್ದದ್ದು ಕಣ್ಣಿಗೆ ಕಟ್ಟಿದಂತಿತ್ತು.

'ಆಕ್ಷೇಪಣೆ: ಸದರಿ ಬಾಟಲಿ ರೋಗಿಯ ಸ್ವಂತದ್ದು' ಎಂದು ಬರೆದೆ. ಆಕ್ಷೇಪಣೆ ಊರ್ಜಿತವಾದರೆ ಡಾಕ್ಟರರ ಹೆಸರು ಸರ್ಕಾರಿ ಪಟ್ಟಿಯಿಂದ ಹೋಗುತ್ತಿತ್ತು; ಔರಾದಿನ ಮಾಸ್ತರರು ಜ್ವರ ಬಂದರೆ ಬೀದರಿನ ಬಸ್ಸು ಹತ್ತಬೇಕಾಗುತ್ತಿತ್ತು. ಪಾಪ ಅನ್ನಿಸಿತು. ಆದರೆ ನ್ಯಾಯ ನ್ಯಾಯವೇ.

ಆ ಬಾಟಲಿಯನ್ನೇ ಸಾಕ್ಷಿಗೆ ಒಯ್ಯಲೆಂದು, ಈಗ ಅದರಲ್ಲಿದ್ದ ಕೊಬ್ಬರಿ ಎಣ್ಣೆ ಬಗ್ಗಿಸುತ್ತಿದ್ದಾಗ ಹೆಂಡತಿ ಬಂದಳು.

"ಅದು ನಮ್ಮ ಮನಿದಲ್ರಿ. ನೀವೇ ಔರಾದದಿಂದ ತಂದೀರಿ."

"ಸಾಕ್ಷಿ ಏನದ?"

"ನಾ ಇದ್ದೇನಲ್ರಿ."

"ನೀ ಸಾಕ್ಷಿ ಅಲ್ಲ. ಹೆಂಡತಿ."

"ಮೊನ್ನಿ ಛತ್ರಿ ಗಾಂಧಿ ಗಂಜದ ಪೇಟ್ಯಾಗ ಬಿಟ್ಟು ಬಂದು, ಮನ್ಯಾಗೇ ಅದ ಅಂತ ವಾದ ಮಾಡಿದವ್ರು ಯಾರ್ರಿ?"

ವಿಷಯಾಂತರವೆಂದು ಅದನ್ನು ತಳ್ಳಿಹಾಕಿದೆ.

ಬಾಟಲಿಯೊಡನೆ ಔರಾದಿನ ಬಸ್ಸು ಹತ್ತಿದೆ. ಅಲ್ಲಿನ ಡಾಕ್ಟರು ವಯಸ್ಸಾದವರು, ಮೆಲುಮಾತಿನವರು. ಆಕ್ಷೇಪಣೆಯನ್ನು ಎರಡು ಸಲ ಓದಿ, ಬಾಟಲಿಯನ್ನು ಬೋರಲು ಹಿಡಿದರು. ತಳದಲ್ಲಿ ಕೆಂಪು ಬಣ್ಣದ ಹದಿನೇಳು.

"ವಾಪಸ್ ಬರ್ಲಿ ಅಂತ ನಂಬರ್ ಹಾಕ್ತೇವ್ರಿ. ಬರದಿದ್ರ ಎರಡಾಣಿ. ನಾ ಕೆಂಪು, ಭಾಲ್ಕಿ ಡಾಕ್ಟರ್ ನೀಲಿ."

ರಿಜಿಸ್ಟರು ತೆರೆದರು. ಹದಿನೇಳರ ಮುಂದೆ ನನ್ನ ಹೆಸರು, ನನ್ನ ಸಹಿ.

"ಹಂಗಾದ್ರ ನಾ ಮನಿಯಿಂದ ತಂದ ಬಾಟ್ಲಿ ಎಲ್ಲಿ ಹೋಯ್ತ್ರಿ?"

"ಅದು ಇದೇ ಕುರ್ಚಿಗಿ ಬಡದು ಒಡೀತಲ್ರಿ, ಸಾಬ್. ಗಾಜು ಬಳದವ ನಾನೇ."

ನಾನು ಆಕ್ಷೇಪಣೆಯ ಹಾಳೆ ಮಡಚತೊಡಗಿದೆ. ಅವರು ತಡೆದರು.

"ಇರ್ಲಿ ಬಿಡ್ರಿ. ಬಾಟ್ಲಿ ವಾಪಸ್ ಬಂತಲ್ಲ, ಇನ್ನ ಆ ಎರಡಾಣಿ ನಾ ತಗೊಂಡ್ರ ತಪ್ಪು. ಬಿಲ್ಲಿನಾಗ ಅದನ್ನ ಹೊಡದು ಹಾಕ್ತೇನಿ."

ಅವರ ಇಡೀ ಬಿಲ್ಲಿನಲ್ಲಿ ಸಿಕ್ಕಿದ ತಪ್ಪು ಅದೊಂದೇ. ಅದನ್ನೂ ಬೀದರಿನಿಂದ ಬಸ್ಸಿನಲ್ಲಿ ಹೊತ್ತು ತಂದವನು ನಾನು.

ಮನೆಗೆ ಬಂದೆ.

"ಎಣ್ಣಿ ಇನ್ನ ಯಾತರಾಗ ಹಾಕ್ಲಿರಿ?" ಎಂದಳು ಹೆಂಡತಿ.

ಮುಂದಿನ ವಾರ ಭಾಲ್ಕಿ ಡಾಕ್ಟರರ ಬಿಲ್ಲಿನ ತಪಾಸಣೆಯಿತ್ತು. ಅಡುಗೆಮನೆಯ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿದೆ. ಎರಡರಲ್ಲಿ ನೀಲಿ ಅಂಕಿ.

ಆ ಕೆಲಸದಿಂದ ಬಿಡುಗಡೆ ಕೋರಿ ಅರ್ಜಿ ಬರೆದೆ. ಕಾರಣ: ಅರ್ಜಿದಾರನ ನೆನಪು ನಂಬಲರ್ಹವಲ್ಲ. ನಮ್ಮ ಸಾಹೇಬರು ಯಾವ ಸಾಕ್ಷಿಯನ್ನೂ ಕೇಳದೆ ಮಂಜೂರು ಮಾಡಿದರು.